ಪದಚರ್ಚೆ: ‘ಕನಿಷ್ಠ ವೇಗ’ ಅಂದರೆ ನಿಧಾನವಾಗಿ ಹೋಗಿ ಎಂದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊಸದಾಗಿ ಕಾರು ಕಲಿಯುವವರಿಗೆಂದು ರಸ್ತೆ ಸಂಕೇತಗಳ ಕನ್ನಡ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ನೀಲಿ ವೃತ್ತದೊಳಗೆ ಬಿಳಿ ಅಂಕಿ ಇರುವ ಫಲಕಕ್ಕೆ ಕರಡಿನಲ್ಲಿ ‘ಕನಿಷ್ಠ ವೇಗ ಮಿತಿ’ ಎಂದು ಹೆಸರು ಕೊಟ್ಟು, ಕೆಳಗೆ ‘ಕನಿಷ್ಠ ವೇಗದಲ್ಲಿ ಚಲಿಸಿ’ ಎಂದು ವಿವರಣೆ ಬರೆದಿದೆ. ಓದಿದವರಲ್ಲಿ ಹಲವರು ‘ಇಲ್ಲಿ ನಿಧಾನವಾಗಿ ಹೋಗಬೇಕು’ ಅಂತಲೇ ತಿಳಿಯುತ್ತಿದ್ದಾರೆ. ತಪ್ಪು ‘ಕನಿಷ್ಠ’ ಪದದ್ದೋ, ‘ಮಿತಿ’ಯದ್ದೋ, ವಾಕ್ಯದ್ದೋ? ‘ಕಡೇಪಕ್ಷ’ ಎಂದು ಬದಲಿಸಿದರೆ ಸರಿಹೋದೀತೇ? ಅದೇ ಫಲಕದ ಮೇಲೆ ಕೆಂಪು ಓರೆಗೆರೆ ಎಳೆದಿದ್ದರೆ ಅದಕ್ಕೆ ಏನೆಂದು ಬರೆಯಬೇಕು?

ಉತ್ತರ

ಮುಖ್ಯ ತಪ್ಪು ವಾಕ್ಯದ್ದು. ‘ಕನಿಷ್ಠ’ ಯಾವ ಪದಕ್ಕೆ ಅಂಟಿಕೊಂಡಿದೆ ಎಂಬುದರ ಮೇಲೆ ಅರ್ಥವೇ ತಿರುಗುತ್ತದೆ. ‘ಕನಿಷ್ಠ 40 ಕಿ.ಮೀ. ವೇಗದಲ್ಲಿ ಚಲಿಸಿ’ ಎಂದಾಗ ಅದು ಅಂಕಿಗೆ ಅಂಟುತ್ತದೆ. 40ರಿಂದ ಕೆಳಗೆ ಇಳಿಯಬೇಡಿ ಎಂದು ಯಾರಿಗಾದರೂ ತಿಳಿಯುತ್ತದೆ. ‘ಕನಿಷ್ಠ ವೇಗದಲ್ಲಿ ಚಲಿಸಿ’ ಎಂದಾಗ ಅದು ವೇಗಕ್ಕೆ ವಿಶೇಷಣವಾಗಿ, ಆದಷ್ಟು ಕಡಿಮೆ ವೇಗದಲ್ಲಿ ಹೋಗಿ ಎಂಬ ಅರ್ಥ ಕೊಡುತ್ತದೆ. ನಿಮ್ಮ ಓದುಗರು ಸರಿಯಾಗಿಯೇ ಓದಿದ್ದಾರೆ, ವಾಕ್ಯ ಹೇಳುತ್ತಿರುವುದೇ ಅದನ್ನು.

‘ಕನಿಷ್ಠ’ ಎಂದರೆ ಮೂಲದಲ್ಲಿ ‘ಎಲ್ಲಕ್ಕಿಂತ ಚಿಕ್ಕದು’. ಕನ್ನಡದಲ್ಲಿ ಇದರ ಬಳಕೆ ಎರಡು ಬಗೆ. ಹವಾಮಾನ ವರದಿಯ ‘ಕನಿಷ್ಠ ಉಷ್ಣಾಂಶ’ ಎಂದರೆ ಆ ದಿನ ದಾಖಲಾದ ಅತಿ ಕಡಿಮೆ ಉಷ್ಣಾಂಶ, ಅಷ್ಟೇ. ‘ಕನಿಷ್ಠ ವೇತನ’, ‘ಕನಿಷ್ಠ ವಯಸ್ಸು’ ಎಂದಾಗ ಮಾತ್ರ ಇದಕ್ಕಿಂತ ಕೆಳಗೆ ಇಳಿಯಕೂಡದು ಎಂಬ ಕಟ್ಟಳೆ ಇರುತ್ತದೆ. ಫಲಕದಲ್ಲಿರುವುದು ಈ ಎರಡನೆಯ ಬಗೆಯದು. ಹೆಸರಾಗಿ ‘ಕನಿಷ್ಠ ವೇಗ’ ಸರಿಯಾಗಿಯೇ ಇದೆ, ಇಟ್ಟುಕೊಳ್ಳಿ. ‘ವೇಗದಲ್ಲಿ’ ಎಂದು ಸಪ್ತಮಿ ಸೇರಿಸಿ ಆಜ್ಞೆಯ ವಾಕ್ಯ ಮಾಡುವಾಗ ಅಂಕಿಯನ್ನು ಬಿಡಬೇಡಿ.

‘ಮಿತಿ’ಯನ್ನು ತೆಗೆದುಹಾಕುವುದೇ ಒಳ್ಳೆಯದು. ಕನ್ನಡದ ಕಿವಿಗೆ ಮಿತಿ ಎಂದರೆ ಮೇಲಿನ ಗೆರೆ. ಮಿತಿ ಮೀರುವುದು, ಮಿತಿಯಲ್ಲಿರುವುದು, ಹಿತಮಿತ, ಎಲ್ಲವೂ ಹೆಚ್ಚಾಗಬಾರದು ಎಂಬ ಕಡೆಗೇ ವಾಲುತ್ತವೆ. ‘ಕನಿಷ್ಠ ವೇಗ ಮಿತಿ ಮೀರಿದರೆ ದಂಡ’ ಎಂದು ಬರೆದುಬಿಟ್ಟರೆ 40 ದಾಟಿದವನಿಗೆ ದಂಡ ಎಂದಾಗುತ್ತದೆ, ಹೇಳಬೇಕಾದದ್ದಕ್ಕೆ ತದ್ವಿರುದ್ಧ. ರಸ್ತೆ ಸಂಕೇತಗಳ ಕುರಿತ 1968ರ ವಿಯೆನ್ನಾ ಒಪ್ಪಂದದಲ್ಲೂ ಈ ಫಲಕದ ಹೆಸರಿನಲ್ಲಿ ‘ಮಿತಿ’ ಇಲ್ಲ. ‘ಕಡ್ಡಾಯ ಕನಿಷ್ಠ ವೇಗ’ ಎಂದಷ್ಟೇ ಇದೆ.

ವಿವರಣೆಯಲ್ಲಿ ಗಡಿಯ ಅಂಕಿಯನ್ನೂ ನೋಡಿಕೊಳ್ಳಿ. ‘40ಕ್ಕಿಂತ ಹೆಚ್ಚು ವೇಗದಲ್ಲಿ ಹೋಗಬೇಕು’ ಎಂದು ಬರೆದರೆ ಸರಿಯಾಗಿ 40ರಲ್ಲಿ ಹೋಗುವವನೂ ತಪ್ಪಿತಸ್ಥನಾಗುತ್ತಾನೆ. ‘40 ದಾಟಬೇಕು’ ಎಂಬುದರಲ್ಲೂ ಅದೇ ತೊಡಕು. ‘40ಕ್ಕಿಂತ ಕಡಿಮೆ ವೇಗದಲ್ಲಿ ಹೋಗಬಾರದು’ ಎಂದರೆ 40 ಒಳಗೇ ಉಳಿಯುತ್ತದೆ. ಕಲಿಯುವವರ ಪರೀಕ್ಷೆಗೆ ಬಹು ಆಯ್ಕೆಯ ಪ್ರಶ್ನೆ ಮಾಡುವುದಾದರೆ ಇದು ಇನ್ನೂ ಮುಖ್ಯ. ‘ಕಡೇಪಕ್ಷ’ ಮಾತಿನಲ್ಲಿ ಚೆನ್ನ. ಆದರೆ ‘ಅಷ್ಟಾದರೂ ಆಗಲಿ’ ಎಂಬ ಬೇಡಿಕೆಯ ಛಾಯೆ ಅದಕ್ಕಿದೆ; ಕಡ್ಡಾಯ ಸಂಕೇತದ ವಿವರಣೆಗೆ ಹೊಂದುವುದಿಲ್ಲ.

ಇನ್ನೊಬ್ಬರ ಉತ್ತರ

ಪದದ ವಿಚಾರ ಮೇಲಿನವರು ಬಿಡಿಸಿದ್ದಾರೆ. ಚಾಲನೆ ಕಲಿಸುವ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ವಿವರಣೆ ಒಂದೇ ಸಾಲಿಗೆ ನಿಂತರೆ ಕಲಿಯುವವರು ಅಪಾಯಕ್ಕೆ ಸಿಲುಕಬಹುದು.

ಬಣ್ಣ ಮತ್ತು ಆಕಾರವನ್ನು ಮೊದಲು ಹೇಳಿ. ವಿಯೆನ್ನಾ ಪದ್ಧತಿಯಲ್ಲಿ ಕೆಂಪು ಅಂಚಿನ ವೃತ್ತ ‘ಬೇಡ’ ಎನ್ನುತ್ತದೆ, ನೀಲಿ ತುಂಬಿದ ವೃತ್ತ ‘ಮಾಡಲೇಬೇಕು’ ಎನ್ನುತ್ತದೆ. ಅಂಕಿ ಎರಡರಲ್ಲೂ 40 ಇದ್ದರೂ ಆಜ್ಞೆ ಎದುರುಬದುರು. ನೀಲಿ ಚೌಕದೊಳಗೆ ಅಂಕಿ ಇದ್ದರೆ ಅದು ಬೇರೆಯೇ. ಫ್ರಾನ್ಸ್‌ನಂಥ ದೇಶಗಳಲ್ಲಿ ಅದು ಸಲಹೆಯ ವೇಗ, ಕಡ್ಡಾಯವಲ್ಲ. ಈ ಪದ್ಧತಿ ಎಲ್ಲೆಡೆ ಇಲ್ಲ ಎಂಬುದನ್ನೂ ಸೇರಿಸಿ. ಅಮೆರಿಕದಲ್ಲಿ ಬಿಳಿ ಆಯತದ ಮೇಲೆ ಅಕ್ಷರದಲ್ಲೇ ಬರೆದಿರುತ್ತಾರೆ. ಜಪಾನಿನಲ್ಲಿ ಕೆಂಪು ಅಂಚಿನ ವೃತ್ತವೇ ಇದ್ದು, ಅಂಕಿಯ ಕೆಳಗಿನ ಅಡ್ಡಗೆರೆ ಕನಿಷ್ಠವೆಂದು ಸೂಚಿಸುತ್ತದೆ. ಅಂಕಿಯ ಮಾನ ಕಿಲೋಮೀಟರೋ ಮೈಲೋ ಎಂಬುದೂ ದೇಶದ ಮೇಲೆ ಹೋಗುತ್ತದೆ. ಬ್ರಿಟನ್ನಿನ ನೀಲಿ 30 ಎಂದರೆ ಗಂಟೆಗೆ 30 ಮೈಲಿ, ಸುಮಾರು 48 ಕಿ.ಮೀ.

ಎರಡನೆಯದು, ಈ ಆಜ್ಞೆಗೆ ವಿನಾಯಿತಿ ಇದೆ. ಜರ್ಮನಿಯ ಸಂಚಾರ ನಿಯಮ ಇದನ್ನು ಬಿಡಿಸಿ ಹೇಳುತ್ತದೆ: ರಸ್ತೆ, ದಟ್ಟಣೆ, ಗೋಚರತೆ ಅಥವಾ ಹವಾಮಾನ ನಿಧಾನಿಸಲೇಬೇಕಾದಂತೆ ಮಾಡಿದರೆ ನಿಧಾನಿಸಬೇಕು. ಮುಂದಿನ ಗಾಡಿ 25ಕ್ಕೆ ಇಳಿದಿದ್ದರೆ ಫಲಕ ನೋಡಿ ನಾನು 40 ಕಾಯ್ದುಕೊಳ್ಳುತ್ತೇನೆ ಎನ್ನುವಂತಿಲ್ಲ. ಮಂಜು ಕವಿದಾಗ ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಅಂತಿಮ. ಅದೇ ನಿಯಮ ಇನ್ನೊಂದನ್ನೂ ಹೇಳುತ್ತದೆ: ಅಷ್ಟು ವೇಗ ಹೋಗಲಾರದ, ಅಥವಾ ಹೋಗಲು ಅನುಮತಿ ಇಲ್ಲದ ವಾಹನ ಆ ಲೇನ್‌ಗೆ ಬರುವಂತೆಯೇ ಇಲ್ಲ. ಏರಿನಲ್ಲಿ ಒಂದೇ ಲೇನ್‌ನ ಮೇಲೆ ಈ ಫಲಕ ಕಂಡರೆ ಕಾರಣ ಇದೇ. ಹೊರೆ ಹೊತ್ತ ಲಾರಿಗಳು ಪಕ್ಕದ ಲೇನ್‌ನಲ್ಲೇ ಉಳಿಯಲಿ ಎಂದು. ಕಲಿಯುವವರು ಫಲಕ ಇಡೀ ರಸ್ತೆಯದೋ ಒಂದು ಲೇನ್‌ನದೋ ಎಂದು ನೋಡದೆ ಗಾಬರಿಯಿಂದ ಆಕ್ಸಿಲರೇಟರ್ ಒತ್ತುವುದೇ ಹೆಚ್ಚು.

ಸ್ಪೀಡೋಮೀಟರ್ ವಿಚಾರವನ್ನು ದಯವಿಟ್ಟು ಬಿಡಬೇಡಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮುಳ್ಳು ನಿಜ ವೇಗಕ್ಕಿಂತ ಕಡಿಮೆ ತೋರಿಸಕೂಡದು, ಆದರೆ ಹೆಚ್ಚು ತೋರಿಸಬಹುದು: ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ. ಗರಿಷ್ಠ ವೇಗದ ಫಲಕದ ಮುಂದೆ ಈ ವ್ಯತ್ಯಾಸ ಚಾಲಕನನ್ನು ಕಾಯುತ್ತದೆ, ಕನಿಷ್ಠದ ಮುಂದೆ ಅದೇ ತಿರುಗಿ ಬೀಳುತ್ತದೆ. ಮುಳ್ಳು 40ರ ಮೇಲಿದ್ದಾಗ ನಿಜ ವೇಗ 33ರಷ್ಟೇ ಇರಬಹುದು. ಹಾಗಾಗಿ ಕನಿಷ್ಠ 40, ಗರಿಷ್ಠ 60 ಇರುವ ಕಡೆ ಮುಳ್ಳನ್ನು 50ರ ಆಸುಪಾಸು ಇಡುವುದು ಸರಿ. ಏರು ಶುರುವಾಗುವ ಮುಂಚೆಯೇ ಒಂದು ಗೇರ್ ಇಳಿಸಬೇಕು. ಮೇಲಿನ ಗೇರ್‌ನಲ್ಲೇ ಹತ್ತಿದರೆ ಎಂಜಿನ್ ಗುದ್ದಾಡಿ ವೇಗ 40ರ ಕೆಳಗೆ ಜಾರುತ್ತದೆ. ಆಮೇಲೆ ಗೇರ್ ಬದಲಿಸಲು ಕ್ಲಚ್ ಒತ್ತಿದ ಗಳಿಗೆಯಲ್ಲಿ ಇನ್ನಷ್ಟು. ಗಾಡಿ ಕೆಟ್ಟು ವೇಗ ಬರುತ್ತಿಲ್ಲವಾದರೆ ಹಜಾರ್ಡ್ ಲೈಟ್ ಹಾಕಿ, ಅಂಚಿನ ಲೇನ್‌ಗೆ ಸರಿದು, ಮುಂದಿನ ನಿರ್ಗಮನದಲ್ಲಿ ಹೊರಬೀಳಬೇಕು.

ಕೆಂಪು ಓರೆಗೆರೆಯ ಫಲಕಕ್ಕೆ ‘ಕನಿಷ್ಠ ವೇಗ ನಿಷೇಧ’ ಎಂದು ಬರೆಯಬೇಡಿ. 40ರಲ್ಲಿ ಹೋಗುವುದೇ ತಪ್ಪು ಎಂದುಕೊಳ್ಳುತ್ತಾರೆ. ಆ ಗೆರೆ ಯಾವುದನ್ನೂ ನಿಷೇಧಿಸುತ್ತಿಲ್ಲ, ಹಿಂದಿನ ಆಜ್ಞೆಯನ್ನು ಮುಗಿಸುತ್ತಿದೆ. ಹೆಸರು ‘ಕನಿಷ್ಠ ವೇಗದ ಕಟ್ಟಳೆ ಮುಕ್ತಾಯ’ ಎಂದಿರಲಿ. ವಿವರಣೆಗೆ: ‘ಇಲ್ಲಿಂದ ಮುಂದೆ 40ಕ್ಕಿಂತ ಕಡಿಮೆ ವೇಗದಲ್ಲೂ ಹೋಗಬಹುದು. ಗರಿಷ್ಠ ವೇಗದ ಮಿತಿ ಮೊದಲಿನಂತೆಯೇ ಇರುತ್ತದೆ.’