ಬೋರ್‌ಗೆ ಬಿದ್ದ ಮೋಟಾರ್ ಸಂಜೆಯೊಳಗೆ ಬಂತು, ಫುಕುಶಿಮಾದ ಇಂಧನ ಯಾಕೆ ಬರುತ್ತಿಲ್ಲ?

ಚಳ್ಳಕೆರೆ ಹುಡುಗ:
ಹೋದ ವಾರ ನಮ್ಮ ತೋಟದ ಬೋರ್‌ನಲ್ಲಿ ಪೈಪ್ ಕಟ್ಟಾಗಿ ಮೋಟಾರ್ ಒಳಗೆ ಬಿತ್ತು. ಕ್ಯಾಮೆರಾ ಬಿಟ್ಟು ನೋಡಿದರು, 600 ಅಡಿಯಲ್ಲಿ ಕೂತಿತ್ತು, ಸಂಜೆಯೊಳಗೆ ಎತ್ತಿಕೊಟ್ಟರು. ಅದೇ ರಾತ್ರಿ ಜಪಾನಿನ ಫುಕುಶಿಮಾ ಅಣು ವಿದ್ಯುತ್ ಸ್ಥಾವರದ ಬಗ್ಗೆ ಓದಿದೆ. 2011ರಲ್ಲಿ ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು, ಒಳಗಿರುವುದು ಅಂದಾಜು 880 ಟನ್. ಮೊದಲ ಚೂರು ಹೊರಗೆ ಬಂದಿದ್ದು 2024ರ ನವೆಂಬರ್‌ನಲ್ಲಿ, ಅದೂ 0.7 ಗ್ರಾಂ! ಎಲ್ಲಿದೆ ಅಂತಲೇ ಗೊತ್ತಿಲ್ವಾ?

ಫಿಸಿಕ್ಸ್ ಮೇಷ್ಟ್ರು, ದಾವಣಗೆರೆ:
ತಮ್ಮಾ, ನಿನ್ನ ಮೋಟಾರ್ ಒಂದೇ ತುಂಡು. ಇಲ್ಲಿ ಯುರೇನಿಯಂ, ಅದರ ಜಿರ್ಕೋನಿಯಂ ಕೊಳವೆ, ಸ್ಟೀಲು ಎಲ್ಲ ಒಟ್ಟಿಗೆ ಕರಗಿ, ಇಂಧನ ಇಟ್ಟಿದ್ದ ದಪ್ಪ ಸ್ಟೀಲಿನ ಪಾತ್ರೆಯ ತಳ ತೂತಾಗಿ ಕೆಳಗೂ ಸುರಿದು, ತಣ್ಣಗಾದ ಮೇಲೆ ಎಲ್ಲೆಲ್ಲೋ ಅಂಟಿಕೊಂಡಿದೆ. ಮನುಷ್ಯರು ಹತ್ತಿರ ಹೋಗುವಂತಿಲ್ಲ. ಹಾಗಾಗಿ ಹೊರಗಿನಿಂದಲೇ ಹುಡುಕಿದರು. ಆಕಾಶದಿಂದ ಸದಾ ಬೀಳುವ ಮ್ಯೂಆನ್ ಎಂಬ ಕಣಗಳು ಗೋಡೆಯನ್ನೂ ದಾಟುತ್ತವೆ, ಯುರೇನಿಯಂನಂಥ ಭಾರದ ವಸ್ತು ಅಡ್ಡ ಬಂದರೆ ಅಲ್ಲೇ ಜಾಸ್ತಿ ನಿಂತುಬಿಡುತ್ತವೆ. ಆ ನೆರಳನ್ನು ಹಿಡಿದರೆ ಒಂಥರಾ ಎಕ್ಸ್‌ರೇ. 2015ರಲ್ಲಿ ಒಂದನೇ ಘಟಕವನ್ನು, ಅಂದರೆ ಒಂದನೇ ರಿಯಾಕ್ಟರನ್ನು, ಹೀಗೆ ನೋಡಿದಾಗ ಇಂಧನ ಇರಬೇಕಾದ ಜಾಗ ಹೆಚ್ಚುಕಡಿಮೆ ಖಾಲಿ. ಎರಡನೇ ಘಟಕದಲ್ಲಿ ಬಹುಪಾಲು ಪಾತ್ರೆಯ ತಳದಲ್ಲೇ ಕಂಡಿತು.

ಬೋರ್ ರಿಪೇರಿ, ಹಿರಿಯೂರು:
ನನ್ನ ಕಸುಬೇ ಬಿದ್ದ ಮೋಟಾರ್ ಎತ್ತುವುದು, ಅದಕ್ಕೇ ಆ ಎರಡನೇ ಘಟಕದ ಸುದ್ದಿ ಬಿಡದೆ ಓದಿದೆ. ಪೂರ್ತಿ ಚಾಚಿದರೆ ಸುಮಾರು 22 ಮೀಟರ್ ಬರುವ ಗಾಳದ ಕೋಲಿನಂಥ ಸಾಧನ, ತುದಿಯಲ್ಲಿ ಚಿಮುಟ. 2024ರ ಆಗಸ್ಟ್‌ನಲ್ಲಿ ಅದನ್ನು ಒಳಗೆ ತಳ್ಳುವ ಪೈಪ್‌ಗಳನ್ನು ಹಿಂದುಮುಂದು ಜೋಡಿಸಿಟ್ಟು ಕೆಲಸ ನಿಂತಿತಂತೆ! ನಗು ಬಂತು, ನಮ್ಮ ಹುಡುಗರೂ ಇದನ್ನೇ ಮಾಡುತ್ತಾರೆ. ಆಮೇಲೆ ಕ್ಯಾಮೆರಾದಿಂದ ಚಿತ್ರವೇ ಬರಲಿಲ್ಲ, ಬದಲಾಯಿಸಬೇಕಾಯಿತು.

ಚಳ್ಳಕೆರೆ ಹುಡುಗ:
ಬೇರೆ ಎಲ್ಲೂ ಯಾರೂ ತೆಗೆದಿಲ್ವಾ ಸರ್?

ಫಿಸಿಕ್ಸ್ ಮೇಷ್ಟ್ರು, ದಾವಣಗೆರೆ:
ತೆಗೆದಿದ್ದಾರೆ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್, 1979ರ ಅಪಘಾತ. ಅಲ್ಲಿ ಕರಗಿದ್ದು ಪಾತ್ರೆಯೊಳಗೇ ಉಳಿದಿತ್ತು, ಅದೇ ಪುಣ್ಯ. ಪಾತ್ರೆಗೆ ನೀರು ತುಂಬಿಸಿದರು (ನೀರು ವಿಕಿರಣ ತಡೆಯುತ್ತದೆ), ಮೇಲೆ ನಿಂತು ಉದ್ದ ಹಿಡಿಯ ಉಪಕರಣಗಳಿಂದ 1985ರಿಂದ 1990ರವರೆಗೆ ಸುಮಾರು 100 ಟನ್ ಎತ್ತಿದರು. ನಡುವೆ ಆ ನೀರಲ್ಲೇ ಸೂಕ್ಷ್ಮಜೀವಿಗಳು ಬೆಳೆದು ಏನೂ ಕಾಣದಂತಾಗಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕಾಯಿತು. ಫುಕುಶಿಮಾದಲ್ಲಿ ತುಂಬಿಸೋಣ ಅಂದರೆ ಎಲ್ಲ ಸೋರುತ್ತದೆ.

ಬೋರ್ ರಿಪೇರಿ, ಹಿರಿಯೂರು:
ಬಗ್ಗಡ ನೀರಲ್ಲಿ ಕ್ಯಾಮೆರಾ ಬಿಡುವ ಕಷ್ಟ ನನ್ನನ್ನು ಕೇಳಿ ಮೇಷ್ಟ್ರೇ. ತಮ್ಮಾ, ಎತ್ತಿದ ಮೋಟಾರ್‌ನ ವೈಂಡಿಂಗ್ ಚೆಕ್ ಮಾಡಿಸಿದೆಯಾ? ಸುಮ್ನೆ ಹಾಗೇ ಇಳಿಸಬೇಡ.