ಮಸಿ ಹಿಡಿದ ಆಕ್ಸಿಜನ್ ಸೆನ್ಸರನ್ನು ತೊಳೆದು ಮತ್ತೆ ಬಳಸಬಹುದೇ?

ಪ್ರಶ್ನೆ:
ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಉರಿಯುತ್ತಿದ್ದು, ಸ್ಕ್ಯಾನರ್ ಪಿ0133 ಕೋಡ್ (ಆಕ್ಸಿಜನ್ ಸೆನ್ಸರ್ ನಿಧಾನವಾಗಿ ಸ್ಪಂದಿಸುತ್ತಿದೆ ಎಂಬ ಸೂಚನೆ) ತೋರಿಸುತ್ತಿದೆ. ಮೈಲೇಜ್ ಕೂಡ ಇಳಿದಿದೆ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಮುಂಚಿನ ಆಕ್ಸಿಜನ್ ಸೆನ್ಸರನ್ನು (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಬಿಚ್ಚಿಸಿ ನೋಡಿದರೆ ತುದಿಯ ತುಂಬ ಒಣ ಕಪ್ಪು ಮಸಿ. ರಾತ್ರಿಯಿಡೀ ಪೆಟ್ರೋಲಿನಲ್ಲಿ ನೆನೆಸಿ, ತಂತಿ ಬ್ರಷ್‌ನಿಂದ ಉಜ್ಜಿದರೆ ಸಾಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಹೊಸದರ ಬೆಲೆ ಕೇಳಿದ ಮೇಲೆ ನನಗೂ ಹಾಗೆಯೇ ಅನಿಸುತ್ತಿದೆ. ಇದರಿಂದ ಹಾನಿಯೇನಾದರೂ ಉಂಟೇ?

ಉತ್ತರ 1:
ಬ್ರಷ್ ಖಂಡಿತ ಬೇಡ. ನೀವು ಉಜ್ಜುವುದು ಹೊರಗಿನ ಉಕ್ಕಿನ ಕವಚವನ್ನು ಮಾತ್ರ. ಕೆಲಸ ಮಾಡುವ ಭಾಗ ಅದರೊಳಗಿರುವ ಜಿರ್ಕೋನಿಯಾ ಪಿಂಗಾಣಿ ಮತ್ತು ಅದರ ಮೇಲಿನ ತೆಳು ಪ್ಲಾಟಿನಂ ಲೇಪನ. ಕವಚದ ರಂಧ್ರದೊಳಗೆ ತಂತಿ ತೂರಿಸಿದರೆ ಲೇಪನ ಗೀಚಿಹೋಗುತ್ತದೆ, ಪೆಟ್ಟು ಬಿದ್ದರೆ ಪಿಂಗಾಣಿ ಸೀಳುತ್ತದೆ. ಪೆಟ್ರೋಲಿನಲ್ಲಿ ಇಡಿಯಾಗಿ ಮುಳುಗಿಸುವುದೂ ತಪ್ಪು, ಏಕೆಂದರೆ ಹೊಗೆಯ ಆಮ್ಲಜನಕದೊಂದಿಗೆ ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಬಹುಪಾಲು ಸೆನ್ಸರುಗಳು ವೈರಿನ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ; ಆ ದಾರಿಯಲ್ಲಿ ಎಣ್ಣೆಯೋ ದ್ರಾವಕವೋ ಸೇರಿದರೆ ರೀಡಿಂಗ್ ಕೆಡುತ್ತದೆ. ಒಣ ಮಸಿಯಾದರೆ, ಎಂಜಿನ್ ಸರಿಯಾಗಿದ್ದಲ್ಲಿ, ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಓಡಿಸಿದಾಗ ನಿಷ್ಕಾಸದ ಬಿಸಿಗೆ ತಾನಾಗಿಯೇ ಉರಿದುಹೋಗುತ್ತದೆ. ಹೋಗದಿದ್ದರೆ ಮಿಶ್ರಣ ರಿಚ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು) ಆಗುತ್ತಿದೆ ಎಂದರ್ಥ: ಇಂಜೆಕ್ಟರ್ ಸೋರಿಕೆ, ಕಟ್ಟಿಕೊಂಡ ಏರ್ ಫಿಲ್ಟರ್, ಹೆಚ್ಚಾದ ಫ್ಯೂಯಲ್ ಪ್ರೆಶರ್, ಇವನ್ನು ಮೊದಲು ನೋಡಿಸಿ. ಕಾರಣ ಹಾಗೆಯೇ ಉಳಿದರೆ ಹೊಸ ಸೆನ್ಸರಿಗೂ ಅದೇ ಗತಿ.

ಉತ್ತರ 2:
ಮೇಲಿನ ಮಾತು ಒಣ ಮಸಿಗಷ್ಟೇ ಅನ್ವಯಿಸುತ್ತದೆ. ತುದಿಯಲ್ಲಿ ಬಿಳಿ ಪುಡಿಯಂತಹ ಪದರವಿದ್ದರೆ ಅದು ಸಾಮಾನ್ಯವಾಗಿ ಗ್ಯಾಸ್ಕೆಟಿಗೆ ಹಚ್ಚಿದ ಸಿಲಿಕೋನ್ ಸೀಲೆಂಟಿನದು ಅಥವಾ ಒಳಗೆ ಸೋರಿದ ಕೂಲೆಂಟಿನದು. ಅದು ಸೆನ್ಸರಿನ ರಂಧ್ರಮಯ ಪದರದಲ್ಲಿ ಗಾಜಿನಂತೆ ಕೂತುಬಿಡುತ್ತದೆ, ಯಾವ ದ್ರಾವಕಕ್ಕೂ ಬಗ್ಗುವುದಿಲ್ಲ. ಎಂಜಿನ್ ಆಯಿಲ್ ಉರಿದು ಬಿಟ್ಟ ಬೂದಿಯೂ ಅಷ್ಟೇ. ಇನ್ನು ಪಿ0135 ಬಂದಿದ್ದರೆ ದೋಷ ಸೆನ್ಸರನ್ನು ಬಿಸಿ ಮಾಡುವ ಹೀಟರಿನ ಸರ್ಕ್ಯೂಟಿನದು, ತೊಳೆಯುವ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಬಿಳಿ ಪದರವಿಲ್ಲ. ಏರ್ ಫಿಲ್ಟರ್ ಮಾತ್ರ ನೋಡುವಂತಿಲ್ಲ, ಅಷ್ಟು ಕೊಳೆಯಾಗಿದೆ. ಬದಲಿಸಿ ಓಡಿಸಿದ ಮೇಲೆ ಸೆನ್ಸರ್ ಸರಿಯಾಗಿದೆಯೆಂದು ತಿಳಿಯುವುದು ಹೇಗೆ?

ಉತ್ತರ 3:
ನಿಮ್ಮದು ನಾಲ್ಕು ವೈರಿನ ಸಾಮಾನ್ಯ ಜಿರ್ಕೋನಿಯಾ ಸೆನ್ಸರ್ ಆಗಿದ್ದರೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಹಿಡಿದು ಸ್ಕ್ಯಾನರಿನ ಲೈವ್ ಡೇಟಾ ನೋಡಿ: ವೋಲ್ಟೇಜ್ ಸುಮಾರು 0.1ರಿಂದ 0.9 ವೋಲ್ಟ್ ನಡುವೆ ಚುರುಕಾಗಿ ಏರಿಳಿಯಬೇಕು. ನಿಧಾನವಾಗಿ ತೆವಳುತ್ತಿದ್ದರೆ ಅದರ ಆಯುಸ್ಸು ಮುಗಿದಿದೆ. ಮತ್ತೆ ಕೂರಿಸುವಾಗ ಆಂಟಿ-ಸೀಜ್ ಪೇಸ್ಟನ್ನು (ಥ್ರೆಡ್ ಬಿಗಿದು ಅಂಟಿಕೊಳ್ಳದಂತೆ ಹಚ್ಚುವುದು) ಥ್ರೆಡ್‌ಗೆ ಮಾತ್ರ ಹಚ್ಚಿಸಿ, ತುದಿಗೆ ತಾಗದಂತೆ ನೋಡಿಕೊಳ್ಳಿ. ಕನೆಕ್ಟರಿಗೆ ಗ್ರೀಸ್ ತುಂಬಲು ಬಿಡಬೇಡಿ.