ಪದಚರ್ಚೆ: ಮಾರ್ಫಿನ್ ಕರಪತ್ರಕ್ಕೆ ‘ಉಸಿರಾಟದ ಖಿನ್ನತೆ’ ಸರಿಯೇ?

ನೋವಿನ ಮದ್ದು ಮಾರ್ಫಿನ್‌ನಿಂದ ಉಸಿರಾಟ ನಿಧಾನವಾಗಿ ಕ್ಷೀಣಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರೆಸ್ಪಿರೇಟರಿ ಡಿಪ್ರೆಶನ್’ ಅಂತಾರೆ. ರೋಗಿಯ ಮನೆಯವರಿಗೆ ಕೊಡುವ ಕರಪತ್ರದಲ್ಲಿ ಅದನ್ನು ‘ಉಸಿರಾಟದ ಖಿನ್ನತೆ’ ಅನ್ನಬಹುದೇ ಅಂತ ಕೇಳಿದ್ದೀರಿ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಉತ್ತರ: ‘ಉಸಿರು ಕುಗ್ಗುವುದು’ ಅಂತ ಬರೆಯಿರಿ. ‘ಖಿನ್ನತೆ’ ಬೇಡವೇ ಬೇಡ. ಅಮ್ಮನಿಗೆ ಮಾರ್ಫಿನ್ ಮಾತ್ರೆ ಶುರುವಾದಾಗ ನಮಗೆ ಕೊಟ್ಟ ಹಾಳೆಯಲ್ಲೂ ‘ಖಿನ್ನತೆ’ ಅಂತಲೇ ಇತ್ತು. ಚಿಕ್ಕಮ್ಮ ಓದಿ, ‘ಅಕ್ಕ ಬೇಜಾರು ಮಾಡ್ಕೊಳ್ಳದ ಹಾಗೆ ನೋಡ್ಕೋಬೇಕಂತೆ’ ಅಂದರು. ಎದೆಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ ಉಸಿರು ಎಣಿಸುವುದನ್ನು ನರ್ಸ್ ತೋರಿಸಿಕೊಟ್ಟ ಮೇಲೇ ನಮಗೆ ವಿಷಯ ಅರ್ಥವಾಗಿದ್ದು.

ಉಬ್ಬಸ, ಏದುಸಿರು, ದಮ್ಮು ಅಂತ ಸೂಚಿಸಿದವರಿಗೆ: ಮೂರೂ ತಪ್ಪು. ಅವುಗಳಲ್ಲಿ ಒದ್ದಾಟ ಇದೆ. ಇಲ್ಲಿ ಒದ್ದಾಟವೇ ಇಲ್ಲ, ಅಪಾಯ ಇರುವುದೇ ಅಲ್ಲಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದರೆ ಮಿದುಳಿನ ಬುಡ ಉಸಿರಾಟವನ್ನು ಚುರುಕು ಮಾಡುತ್ತದೆ. ಈ ಮದ್ದು ಆ ಚುರುಕನ್ನೇ ತಗ್ಗಿಸುತ್ತದೆ. ನಿಮಿಷಕ್ಕೆ 12ರಿಂದ 20 ಸಲ ಆಡುವ ಉಸಿರು 8ಕ್ಕಿಂತ ಕೆಳಗಿಳಿದರೂ, ಮಲಗಿದವರು ಸುಮ್ನೆ ನಿದ್ದೆ ಮಾಡುತ್ತಿರುವ ಹಾಗೇ ಕಾಣುತ್ತಾರೆ. ‘ದನಿ ಕುಗ್ಗಿತು’ ಅಂತೀವಲ್ಲ, ಅದೇ ಕುಗ್ಗು ಇದು.

ಇನ್ನು ಕೆಲವರು ಹೇಳಿದ ‘ಶ್ವಾಸಮಾಂದ್ಯ’ ಅಗ್ನಿಮಾಂದ್ಯದ (ಜೀರ್ಣಶಕ್ತಿ ಕುಗ್ಗುವುದು) ಮಾದರಿ, ವ್ಯಾಕರಣ ಸರಿ ಇದೆ. ಆದರೆ ರಾತ್ರಿ ರೋಗಿಯ ಪಕ್ಕ ಕೂತವರಿಗೆ ಅದು ತಿಳಿಯಬೇಕಲ್ವಾ? ಕನ್ನಡ ಇಂಥದ್ದನ್ನು ಕ್ರಿಯಾಪದದಲ್ಲೇ ಹೇಳುತ್ತದೆ. ಕರಪತ್ರದಲ್ಲಿ ಈ ಮದ್ದನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರ ಭಾಗವನ್ನೂ ಹಾಗೇ ತಿದ್ದಿ. ‘ಕಾಸನಿಗ್ರಹ’ ತೆಗೆದು ‘ಕೆಮ್ಮು ಕಡಿಮೆಯಾಗಿ ಕಫ ಒಳಗೇ ಉಳಿಯಬಹುದು, ನ್ಯುಮೋನಿಯಾ ಆಗಬಹುದು’ ಅನ್ನಿ. ‘ನಿದ್ರಾಶ್ವಾಸಸ್ತಂಭನ’ದ ಜಾಗದಲ್ಲಿ ‘ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರಬಹುದು’ ಸಾಕು.

ಮಾರ್ಫಿನ್ ಥರದ ಮದ್ದುಗಳ ಗುಂಪಿಗೆ ‘ಓಪಿಯಾಯ್ಡ್’ ಅನ್ನುತ್ತಾರೆ. ‘ಓಪಿಯಾಯ್ಡ್ ಎರವಲು, ಅಫೀಮು ನಮ್ಮದು’ ಎಂಬ ವಾದವನ್ನು ಒಪ್ಪಲಾರೆ. ಎರಡರ ಬೇರೂ ಗ್ರೀಕಿನ ‘ಓಪಿಯಾನ್’. ಒಂದು ಇಂಗ್ಲಿಷಿನಿಂದ ಬಂತು, ಇನ್ನೊಂದು ಅರಬ್ಬಿಯ ‘ಅಫ್ಯೂನ್’ ದಾಟಿ ಬಂತು. ಮೂಲದ ಅರ್ಥ ಗಿಡದ ರಸ, ನಮ್ಮ ಸೊನೆ; ಅಫೀಮು ಅಂದರೆ ಗಸಗಸೆ ಕಾಯಿಯ ಸೊನೆಯೇ. ಹಾಗಂತ ‘ಸೊನೆಮದ್ದು’ ಅಂತ ಈಗ ಕಟ್ಟಿದರೆ ಗಸಗಸೆ ಕಾಯಿ ಯಾರಿಗೂ ನೆನಪಾಗದು. ‘ಅಫೀಮು’ ಅಂತ ಅಚ್ಚು ಹಾಕಿದರೋ, ನೋವಿನಲ್ಲಿರುವವರು ಹೆದರಿ ಮಾತ್ರೆಯನ್ನೇ ಬಿಡುತ್ತಾರೆ. ಮಾರ್ಫಿನ್, ಟ್ರಮಡಾಲ್, ಹೀಗೆ ಡಾಕ್ಟರ ಚೀಟಿಯಲ್ಲಿರುವ ಹೆಸರನ್ನೇ ಹಾಕಿ.

ಕೊನೆಗೆ ದಪ್ಪಕ್ಷರದಲ್ಲಿ ಇದು ಇರಲಿ: ‘ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಕೊಡಬೇಡಿ. ಮದ್ಯ ಬೇಡ. ಕರೆದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತಕ್ಷಣ 108ಕ್ಕೆ ಕರೆ ಮಾಡಿ.’